ಆಪ್ತಸಲಹೆ ಪ್ರಕರಣ: ಕೊಡುವವರಿದ್ದರು, ತೆಗೆದುಕೊಳ್ಳುವವರಿರಲಿಲ್ಲ

ಇದು ಬಾಗಲಕೋಟೆ ನವನಗರದ ಅಂಚಿನಲ್ಲಿರುವ ಒಂದು ಬಡಾವಣೆಯಲ್ಲಿ ವಾಸವಿರುವ, ನೇಪಾಳದಿಂದ ಬಂದ ಒಬ್ಬ ತಾಯಿಯ ಪ್ರಕರಣ. ಆ ತಾಯಿಯೂ ಬಡಾವಣೆಯ ಸಂಘದವರೂ ಒಪ್ಪಿದ ಮೇಲೆ ಬರೆಯುತ್ತಿದ್ದೇನೆ. ಹೆಸರುಗಳನ್ನು ಬಿಟ್ಟಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.

ಆಕೆಯನ್ನು ನನ್ನ ಹತ್ತಿರ ಕರೆತಂದವರು ಅಂಗನವಾಡಿ ಟೀಚರ್. ಪೋಲಿಯೊ ಹನಿ ಹಾಕಲು ಮನೆ ಮನೆ ಸುತ್ತುವಾಗ ಒಂದು ಗೇಟಿನ ಮುಂದೆ ನಿಂತು, "ಐದು ವರ್ಷದೊಳಗಿನ ಮಕ್ಕಳು ಅದಾವೇನ್ರಿ?" ಎಂದು ಕೇಳಿದ್ದರಂತೆ. "ಇಲ್ರಿ, ಈ ಲೈನಿನ್ಯಾಗ ಸಣ್ಣ ಹುಡುಗ್ರು ಯಾರೂ ಇಲ್ಲ" ಎಂದು ಮನೆಯವರು ಹೇಳಿದರು. ಅಷ್ಟರಲ್ಲಿ ಪಕ್ಕದಲ್ಲಿ ಅರ್ಧ ಕಟ್ಟಿ ನಿಂತಿದ್ದ ಮನೆಯ ಹಿಂದಿನಿಂದ ಮಗು ಅತ್ತ ಸದ್ದು ಕೇಳಿತು. ಟೀಚರ್ ಹೋಗಿ ನೋಡಿದರೆ ಪತ್ರಾಸ್ (ತಗಡಿನ) ಶೆಡ್ಡಿನಲ್ಲಿ ಎರಡು ವರ್ಷದ ಹೆಣ್ಣು ಮಗು. ಅದರ ತಾಯಿ ಮಾತಾಡಲಿಲ್ಲ, ಮುಖ ಎತ್ತಲೂ ಇಲ್ಲ.

ಗೇಟಿನವರು ಸುಳ್ಳು ಹೇಳಿರಲಿಲ್ಲ. ಅವರಿಗೆ ಆ ಮಗುವಿನ ನೆನಪೇ ಬಂದಿರಲಿಲ್ಲ. ಈ ಪ್ರಕರಣದಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದ್ದು ಅದು. ಆ ಕುಟುಂಬ ಅಲ್ಲಿಗೆ ಬಂದು ಆಗಲೇ ಒಂದು ವರ್ಷ ದಾಟಿತ್ತು.

ಗಂಡ ಬಡಾವಣೆಯ ರಾತ್ರಿ ಕಾವಲುಗಾರ. ನೇಪಾಳದ ಪಶ್ಚಿಮ ಭಾಗದ ಗುಡ್ಡಗಾಡಿನವರು. ಮೊದಲು ಅವನೊಬ್ಬನೇ ಬಂದಿದ್ದ. ಆಮೇಲೆ ಹೆಂಡತಿ, ಒಂಬತ್ತು ವರ್ಷದ ಮಗ, ಈ ಪುಟ್ಟಿ ಬಂದರು. ಭಾರತ ಮತ್ತು ನೇಪಾಳ 1950ರ ಜುಲೈ 31ರಂದು ಮಾಡಿಕೊಂಡ ಒಪ್ಪಂದದಿಂದಾಗಿ ಅವರಿಗೆ ಇಲ್ಲಿಗೆ ಬರಲು ವೀಸಾ ಬೇಕಿಲ್ಲ. ಇಲ್ಲಿ ವಾಸ ಮಾಡಬಹುದು, ದುಡಿಯಬಹುದು. ಇದನ್ನು ಮೊದಲೇ ಹೇಳುತ್ತಿರುವುದಕ್ಕೆ ಕಾರಣವಿದೆ. "ಅವರು ಇಲ್ಲಿ ಇರೋದು ಕಾನೂನು ಪ್ರಕಾರ ಸರಿನಾ?" ಎಂದು ಬಡಾವಣೆಯ ಎಷ್ಟೋ ಜನ ನನ್ನನ್ನು ಕೇಳಿದರು. ಸರಿಯಾಗಿಯೇ ಇದೆ.

ಮೊದಲ ಭೇಟಿಯಲ್ಲಿ ಮಗನೇ ಅಮ್ಮನ ಮಾತನ್ನು ಕನ್ನಡಕ್ಕೆ ತಿರುಗಿಸಲು ಕೂತ. ಓಣಿಯಲ್ಲಿ ಆಡುತ್ತ ಕನ್ನಡ ಕಲಿತಿದ್ದ. "ಅಮ್ಮ ಸರಿಯಾಗಿ ಊಟ ಮಾಡ್ತಾಳಾ?" ಎಂದು ಕೇಳಿದೆ. ಅವಳ ಕಡೆ ನೋಡದೆಯೇ, "ಮಾಡ್ತಾಳ್ರಿ" ಎಂದ. "ನಿದ್ದೆ?" "ಮಾಡ್ತಾಳ್ರಿ." ಆಕೆ ಮಧ್ಯೆ ಏನೋ ಉದ್ದವಾಗಿ ಹೇಳಿದಳು. ಹುಡುಗ ಒಂದೇ ಮಾತಿನಲ್ಲಿ ಮುಗಿಸಿದ: "ತಲಿ ನೋಯ್ತದಂತ." ಅಮ್ಮನ ಸಂಕಟ ಹೊರಗಿನವರಿಗೆ ಗೊತ್ತಾಗಬಾರದು ಅಂತ ಆ ಮಗು ಕಾವಲು ಕಾಯುತ್ತಿತ್ತು. ಒಂಬತ್ತು ವರ್ಷದವನ ಮೇಲೆ ಆ ಹೊರೆ ಹಾಕಬಾರದು. ಬೇರೆ ಭಾಷೆಯ ಕುಟುಂಬಕ್ಕೆ ನೆರವಾಗುವ ಎಲ್ಲರೂ, ಆಸ್ಪತ್ರೆಯವರಾಗಲಿ ಶಾಲೆಯವರಾಗಲಿ, ದಯವಿಟ್ಟು ಇದನ್ನು ಗಮನಿಸಬೇಕು. ಮಗುವನ್ನು ಟೀಚರ್ ಜೊತೆ ಹೊರಗೆ ಆಡಲು ಕಳಿಸಿದೆ. ತಾಯಿಗೆ ಸ್ವಲ್ಪ ಹಿಂದಿ ಬರುತ್ತಿತ್ತು, ಹೇಗೋ ಮಾತು ಸಾಗಿತು. ಮನಸ್ಸಿನ ಆಳದ ವಿಷಯ ಬಂದಾಗ, ಆಕೆಯ ಒಪ್ಪಿಗೆ ಪಡೆದು, ನನಗೆ ಪರಿಚಯದ ಒಬ್ಬ ನೇಪಾಳಿ ನರ್ಸ್ ಫೋನಿನಲ್ಲಿ ನೆರವಾದರು.

ಆಗ ದಿನಚರಿ ಗೊತ್ತಾಯಿತು. ಗಂಡ ಬೆಳಗಿನ ಜಾವ ಬಂದು ಮಲಗುತ್ತಾನೆ. ಇರುವುದು ಒಂದೇ ಕೋಣೆ. ಅವನ ನಿದ್ದೆ ಕೆಡಬಾರದು ಅಂತ ಮಕ್ಕಳನ್ನು ಕರೆದುಕೊಂಡು ಆಕೆ ಹೊರಗೆ, ಇಟ್ಟಿಗೆ ರಾಶಿಯ ಪಕ್ಕದ ನೆರಳಲ್ಲಿ ಕೂರುತ್ತಾಳೆ. ಪುಟ್ಟಿ ಅತ್ತರೆ ಬಾಯಿಗೆ ಕೈ ಅಡ್ಡ ಇಡುತ್ತಾಳೆ. ಬಾಗಲಕೋಟೆಯ ಏಪ್ರಿಲ್ ಬಿಸಿಲಲ್ಲಿ ಪತ್ರಾಸ್ ಶೆಡ್ ಹೇಗಿರುತ್ತದೆ ಎಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ತಂಪು ಗುಡ್ಡದಲ್ಲಿ ಹುಟ್ಟಿ ಬೆಳೆದ ಹೆಣ್ಣುಮಗಳು ಅದರೊಳಗೆ ಹಗಲು ಕಳೆಯಲಾರದೆ, ಹೊರಗೂ ಹೋಗಲಾರದೆ ಒದ್ದಾಡುತ್ತಿದ್ದಳು.

ಹೊರಗೆ ಯಾಕೆ ಹೋಗುವುದಿಲ್ಲ? ಮೊದಲು ಹೋಗುತ್ತಿದ್ದಳು. ನಲ್ಲಿಯ ಹತ್ತಿರ ಹೆಂಗಸರು ಸೇರುವ ಹೊತ್ತಿಗೆ ಕೊಡ ಹಿಡಿದು ಹೋಗಿ ನಗುತ್ತಿದ್ದಳು. ಎರಡು ಸಂಗತಿ ಆ ನಗುವನ್ನು ನಿಲ್ಲಿಸಿದವು.

ಒಂದು, ನೀರೆತ್ತುವ ಮೋಟರು. ಕಟ್ಟಡದ ಜಾಗದಿಂದ ಅದು ಕಾಣೆಯಾಯಿತು. ಹತ್ತಾರು ಜನ ಸೇರಿದರು, ಗಂಡನನ್ನು ನಿಲ್ಲಿಸಿ ಕೇಳಿದರು, ಶೆಡ್ಡಿನ ಹಾಸಿಗೆ, ಪೆಟ್ಟಿಗೆ, ಅಕ್ಕಿ ಡಬ್ಬಿ ಎಲ್ಲ ತೆಗೆಸಿ ನೋಡಿದರು. ಮಗ ನೋಡುತ್ತ ನಿಂತಿದ್ದ. ಕೆಲವು ದಿನದಲ್ಲಿ ನಿಜ ಗೊತ್ತಾಯಿತು. ಗುತ್ತಿಗೆದಾರನ ಕಡೆಯವರೇ ಮೋಟರನ್ನು ಬೇರೆ ಕೆಲಸದ ಜಾಗಕ್ಕೆ ಒಯ್ದಿದ್ದರು. ಆಗ ಒಬ್ಬರು ಬಂದು, "ಹೋಗ್ಲಿ ಬಿಡಪಾ" ಎಂದರು. ಅಷ್ಟಕ್ಕೇ ಮುಗಿಸಿದರು.

ಇನ್ನೊಂದು ಸಣ್ಣದು. ಆದರೆ ಆಕೆ ಅತ್ತಿದ್ದು ಅದನ್ನು ಹೇಳುವಾಗ. ನಮ್ಮ ದೀಪಾವಳಿಯ ಹೊತ್ತಿಗೇ ಅವರಿಗೆ ತಿಹಾರ್ ಹಬ್ಬ. ಅಕ್ಕಿ ನೆನೆಸಿ ರುಬ್ಬಿ, ಸಕ್ಕರೆ ತುಪ್ಪ ಸೇರಿಸಿ, ಎಣ್ಣೆಯಲ್ಲಿ ಬಳೆಯಂತೆ ಬಿಟ್ಟು ಕರಿಯುವ ಸೇಲ್ ರೋಟಿ ಆ ಹಬ್ಬದ ತಿನಿಸು. ರುಬ್ಬುವ ಕಲ್ಲು ಇಲ್ಲದೆ, ಅಂಗಡಿಯ ಅಕ್ಕಿ ಹಿಟ್ಟಿನಲ್ಲೇ ಹೇಗೋ ಮಾಡಿದಳು. ಸ್ಟೀಲ್ ತಟ್ಟೆಯಲ್ಲಿಟ್ಟು, ಮೇಲೆ ತೊಳೆದ ಬಟ್ಟೆ ಮುಚ್ಚಿ ಮೂರು ಮನೆಗೆ ಕೊಟ್ಟಳು. ಒಂದು ಮನೆಯವರು, "ಯಾಕ್ ತರಾಕ ಹೋದಿ, ನೀವ ತಿನ್ರಿ" ಎಂದು ವಾಪಸ್ ಕೊಟ್ಟರು. ಇನ್ನೊಬ್ಬರು ತೆಗೆದುಕೊಂಡರು. ಮರುದಿನ ಆ ರೊಟ್ಟಿಗಳು ಕಾಂಪೌಂಡ್ ಗೋಡೆಯ ಮೇಲೆ ಕಾಗೆಗೆ ಇಟ್ಟಿದ್ದು ಕಂಡಿತು.

ನಮ್ಮಲ್ಲಿ ಪಂಚಮಿಗೆ ಉಂಡಿ ಕೊಟ್ಟರೆ ತಟ್ಟೆ ಖಾಲಿ ಹೋಗುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡುತ್ತೇವೆ. ಆ ಮೂರು ಮನೆಯವರೂ ಕೆಟ್ಟವರಲ್ಲ. ಹಳೇ ಸೀರೆ, ಉಳಿದ ಅನ್ನ, ಮಕ್ಕಳ ಬಟ್ಟೆ ಎಲ್ಲ ಕೊಟ್ಟವರೇ. ಆದರೆ ಆಕೆಯ ಕೈಯಿಂದ ಒಂದು ತುತ್ತು ತೆಗೆದುಕೊಳ್ಳಲು ಯಾರಿಗೂ ಮನಸ್ಸಾಗಿರಲಿಲ್ಲ. ಕೊಡುವುದೇ ಒಳ್ಳೆಯತನ ಎಂದು ಅವರು ತಿಳಿದಿದ್ದರು. ಬರೀ ಇಸಿದುಕೊಳ್ಳುತ್ತಲೇ ಇರಬೇಕಾದ ಮನುಷ್ಯ ನಿಧಾನವಾಗಿ ಕುಗ್ಗುತ್ತಾನೆ. ಈ ಕೆಲಸದಲ್ಲಿ ನಾನು ಮತ್ತೆ ಮತ್ತೆ ಕಂಡಿದ್ದು ಇದನ್ನೇ.

ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿಯನ್ನು ನಿಧಾನವಾಗಿ ಕೇಳಿದೆ. ಹಿಂದಿನ ಎರಡು ವಾರ ಮನಸ್ಸು, ನಿದ್ದೆ, ಹಸಿವು ಹೇಗಿತ್ತು ಎಂದು ಕೇಳುವ ಪಟ್ಟಿ ಅದು. ಖಿನ್ನತೆ ಮಧ್ಯಮ ಮಟ್ಟದಲ್ಲಿ ಕಂಡಿತು. ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯದು. ಅದನ್ನು ಸುತ್ತಿ ಬಳಸಿ ಕೇಳಬಾರದು, ನೇರವಾಗಿ ಕೇಳಬೇಕು. ಕೇಳಿದೆ. ಅಂಥ ಯೋಚನೆ ಇಲ್ಲ ಎಂದಳು. "ಆದರೆ ನಾನು ಇಲ್ಲಿ ಇದ್ದೇನೋ ಇಲ್ಲವೋ ಯಾರಿಗೂ ಗೊತ್ತಾಗೋದಿಲ್ಲ" ಎಂದಳು. ಜಿಲ್ಲಾ ಆಸ್ಪತ್ರೆಗೆ ಕಳಿಸಿ ರಕ್ತ ಪರೀಕ್ಷೆ ಮಾಡಿಸಿದೆವು, ರಕ್ತಹೀನತೆ ಇತ್ತು. ಅದಕ್ಕೆ ಮಾತ್ರೆ ಶುರುವಾಯಿತು. ಅಲ್ಲಿನ ಮಾನಸಿಕ ಆರೋಗ್ಯ ವಿಭಾಗದ ವೈದ್ಯರು ನೋಡಿ, ಸದ್ಯಕ್ಕೆ ಬೇರೆ ಔಷಧಿ ಬೇಡ, ಆಪ್ತಸಲಹೆ ಮುಂದುವರಿಯಲಿ ಎಂದರು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಆಕೆಯ ಫೋನಿನಲ್ಲಿ ಹಾಕಿಕೊಟ್ಟೆ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಹಿಂದಿಯಲ್ಲೂ ಮಾತಾಡಬಹುದು.

ಮಾತ್ರೆ, ಮಾತುಕತೆ ಎರಡೂ ಬೇಕು. ಆದರೆ ಕಾಯಿಲೆಯ ಅರ್ಧ ಭಾಗ ಆಕೆಯ ತಲೆಯಲ್ಲಿರಲಿಲ್ಲ, ಬಡಾವಣೆಯಲ್ಲಿತ್ತು. ಹಾಗಾಗಿ ಸಲಹೆಯೂ ಎರಡೂ ಕಡೆ ಹೋಗಬೇಕಿತ್ತು.

ಆಕೆಗೆ ಹೇಳಿದ್ದು ಸ್ವಲ್ಪವೇ. ಬೆಳಗ್ಗೆ ಗಂಡ ಮಲಗಿದ ಮೇಲೆ ಇಟ್ಟಿಗೆ ರಾಶಿಯ ಹತ್ತಿರ ಕೂರಬೇಡ, ಪುಟ್ಟಿಯನ್ನು ಕರೆದುಕೊಂಡು ಅಂಗನವಾಡಿಗೆ ಹೋಗು. ಅಲ್ಲಿ ಮಗು ಅತ್ತರೂ ಯಾರೂ ಏನೂ ಅನ್ನುವುದಿಲ್ಲ. ಊರಿನ ಅಮ್ಮನಿಗೆ ಫೋನ್ ಮಾಡಿದಾಗ "ಎಲ್ಲ ಚೆನ್ನಾಗಿದೆ" ಎಂದಷ್ಟೇ ಹೇಳಬೇಡ, ಒಂದು ಕಷ್ಟವನ್ನಾದರೂ ಹೇಳು. ಗಂಡನಿಗೂ ಒಂದು ಮಾತು: ಮೋಟರಿನ ಅವಮಾನವನ್ನು ನೀನು ನುಂಗಿಕೊಂಡೆ, ಅವಳಿಗೆ ಅದನ್ನು ಮಾತಾಡಲು ಬಿಡು.

ಮಗನ ಶಾಲೆಯ ವಿಷಯ ಬೇಗ ಬಗೆಹರಿಯಿತು, ಕಾನೂನು ಸ್ಪಷ್ಟವಾಗಿದೆ. ಒಂದು ಶಾಲೆಯಲ್ಲಿ "ಟಿಸಿ ಇಲ್ಲ, ಜನನ ಪತ್ರ ಇಲ್ಲ" ಎಂದು ತಿರುಗಿ ಕಳಿಸಿದ್ದರಂತೆ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಪ್ರತಿ ಮಗುವಿಗೂ ಅನ್ವಯಿಸುತ್ತದೆ. ವಯಸ್ಸಿನ ದಾಖಲೆ ಇಲ್ಲ ಅಂತ ಪ್ರವೇಶ ನಿರಾಕರಿಸುವ ಹಾಗಿಲ್ಲ, ಟಿಸಿ ತಡವಾದರೂ ಪ್ರವೇಶ ತಡೆಯುವ ಹಾಗಿಲ್ಲ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು, ಹಿಂದುಳಿದಿದ್ದರೆ ವಿಶೇಷ ಪಾಠ ಮಾಡಬೇಕು. ಸಂಘದ ಒಬ್ಬ ನಿವೃತ್ತ ನೌಕರರು ಈ ಕಾಯ್ದೆಯ ಪ್ರತಿ ಹಿಡಿದು ಸರ್ಕಾರಿ ಶಾಲೆಗೆ ಜೊತೆಗೆ ಹೋದರು. ಹೀಗೆ ಜೊತೆಗೆ ಹೋಗುವುದಿದೆಯಲ್ಲ, ಅದು ದೊಡ್ಡ ನೆರವು. ಒಬ್ಬಳೇ ಹೋದಾಗ ಬಾಗಿಲಲ್ಲೇ ನಿಂತಿದ್ದವಳಿಗೆ ಅವತ್ತು ಕುರ್ಚಿ ಸಿಕ್ಕಿತು.

ಸಂಘದ ಸಭೆ ಮಾತ್ರ ಸುಲಭವಾಗಿರಲಿಲ್ಲ. ಆಕೆಯ ಕಾಯಿಲೆಯ ಬಗ್ಗೆ ಅಲ್ಲಿ ಏನೂ ಹೇಳಲಿಲ್ಲ, ಆಕೆ ಒಪ್ಪಿದಷ್ಟನ್ನೇ ಹೇಳಿದೆ. ಮೊದಲಿಗೆ ಎಲ್ಲರೂ, "ನಾವೇನ್ ಕಮ್ಮಿ ಮಾಡೀವ್ರಿ?" ಎಂದರು. ಆಗ ಒಬ್ಬ ವಯಸ್ಸಾದ ತಾಯಿ ಮಾತಾಡಿದರು. ಅವರದು ಹಳೇ ಬಾಗಲಕೋಟೆಯ ಕಿಲ್ಲಾ ಓಣಿ. ಆಲಮಟ್ಟಿ ಜಲಾಶಯದ ಮಟ್ಟ 519.6 ಮೀಟರ್ ಎಂದು ನಿಂತು, ಹಿನ್ನೀರು ಘಟಪ್ರಭೆಯ ಗುಂಟ ಊರೊಳಗೆ ಬಂದಾಗ ಮನೆ ಬಿಟ್ಟವರು. "ಮುಳಗಡಿ ಆಗಿ ಇಲ್ಲಿ ಸೆಕ್ಟರಿಗೆ ಬಂದಾಗ ಸಂಜೀಕ ಬಾಗಲದಾಗ ಕುಂತ್ರ ಮಾತಾಡಸವ್ರು ಇರಲಿಲ್ಲ. ಆರು ತಿಂಗಳ ನಾ ಹುಚ್ಚಿ ಹಂಗ ಆಗಿದ್ದೆ" ಎಂದರು. ಸಭೆ ಸುಮ್ಮನಾಯಿತು. ಮುಳುಗಡೆಯಾದವರಿಗಾಗಿಯೇ ಕಟ್ಟಿದ ನವನಗರದಲ್ಲಿ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜಲಾಶಯದ ಮಟ್ಟವನ್ನು 524 ಮೀಟರಿಗೆ ಏರಿಸುವ ಮಾತು ಎದ್ದಾಗಲೆಲ್ಲ ಈಗಲೂ ಎಷ್ಟೋ ಮನೆಯಲ್ಲಿ ನಿದ್ದೆ ಕೆಡುತ್ತದೆ.

ಆದರೆ ನಾನು ಒಂದು ವ್ಯತ್ಯಾಸವನ್ನೂ ಹೇಳಿದೆ. ಮುಳುಗಡೆಯವರು ಓಣಿಗೆ ಓಣಿಯೇ ಎದ್ದು ಬಂದರು. ಭಾಷೆ ಜೊತೆಗಿತ್ತು, ದೇವರು ಜೊತೆಗಿತ್ತು, ಹೋಳಿ ಹಲಗೆಯೂ ಜೊತೆಗೇ ಬಂತು. ಈಕೆ ಒಬ್ಬಳೇ ಬಂದಿದ್ದಾಳೆ. "ನಾವೂ ಅನುಭವಿಸಿದ್ದೇವೆ, ತಾನಾಗೇ ಸರಿಹೋಗುತ್ತದೆ" ಎಂದು ಬಿಡುವ ಹಾಗಿಲ್ಲ.

ಸಂಘಕ್ಕೆ ಕೊಟ್ಟ ಸಲಹೆಗಳಲ್ಲಿ ಮೊದಲನೆಯದಕ್ಕೇ ಹೆಚ್ಚು ಹೊತ್ತು ಹಿಡಿಯಿತು. ಅನುಮಾನವನ್ನು ಹತ್ತು ಜನರ ಮುಂದೆ ಹೇಳಿದ್ದೀರಿ, ತಪ್ಪಾಯಿತು ಅನ್ನುವುದನ್ನೂ ಆ ಹತ್ತು ಜನರ ಮುಂದೆಯೇ ಹೇಳಬೇಕು, ಮಗ ಎದುರಿಗಿರಬೇಕು. ಕೆಲವರಿಗೆ ಇದು ಅತಿ ಅನ್ನಿಸಿತು. ನಾನು ಬಿಡಲಿಲ್ಲ. ಕೊನೆಗೆ ಗಣೇಶನ ಪೆಂಡಾಲಿನಲ್ಲಿ, ಆರತಿ ಆದ ಮೇಲೆ, ಅಧ್ಯಕ್ಷರು ಮೈಕಿನಲ್ಲಿ ಕಾವಲುಗಾರನ ಹೆಸರು ಹಿಡಿದು ಹೇಳಿದರು. ಅಲ್ಲಿಯವರೆಗೆ ಅವನ ಹೆಸರು ಎಷ್ಟೋ ಜನಕ್ಕೆ ಗೊತ್ತೇ ಇರಲಿಲ್ಲ.

ಎರಡನೆಯದು ಸಂಬಳ. ತಿಂಗಳ ಮೊದಲ ವಾರ ಅವನು ಮನೆ ಮನೆಗೆ ಹೋಗಿ ಬೆಲ್ ಮಾಡಿ ಕೇಳುತ್ತಿದ್ದ. "ಆಮೇಲೆ ಬಾ" ಎಂದು ಕೇಳಿಸಿಕೊಂಡು ತಿರುಗುತ್ತಿದ್ದ. ದುಡಿದ ಕೂಲಿಯನ್ನು ಬೇಡಿ ತರುವ ಹಾಗೆ ಆಗಿತ್ತು. ಈಗ ಸಂಘವೇ ವಂತಿಗೆ ಕೂಡಿಸಿ 5ನೇ ತಾರೀಖಿಗೆ ಒಟ್ಟಿಗೆ ಕೊಡುತ್ತದೆ. ಪೊಲೀಸ್ ಠಾಣೆಗೆ ಮಾಹಿತಿ ಕೊಡುವುದು ಬೇಕೇ ಬೇಕು ಎಂದರು, ಸರಿ ಎಂದೆ. ಆದರೆ ಬಾಡಿಗೆಗೆ ಬರುವ ಎಲ್ಲರದನ್ನೂ ಕೊಡಿ, ಇವನೊಬ್ಬನದೇ ಬೇಡ.

ಹೆಂಗಸರ ಜೊತೆ ಬೇರೆಯಾಗಿ ಕೂತೆ. ಅಲ್ಲಿ ಹೇಳಿದ್ದು ಇಷ್ಟೇ: ಆಕೆಗೆ ಏನು ಕೊಡಬೇಕು ಎಂದು ಕೇಳಬೇಡಿ, ಆಕೆಯಿಂದ ಏನು ಕಲಿಯಬಹುದು, ಏನು ತೆಗೆದುಕೊಳ್ಳಬಹುದು ನೋಡಿ. ಅಂಗನವಾಡಿ ಟೀಚರ್ ಆಗಲೇ ಕಂಡುಹಿಡಿದಿದ್ದರು. ಆಕೆ ಉಲನ್ ಹೆಣಿಗೆಯಲ್ಲಿ ಬಹಳ ಚುರುಕು. ಒಬ್ಬರ ಮಗಳು ಹೆರಿಗೆಗೆ ತವರಿಗೆ ಬಂದಿದ್ದಳು. ಕೂಸಿಗೆ ಕುಲಾಯಿ ಬೇಕೆಂದು ಕೇಳಿದರು. ನಾನು ಅಲ್ಲೇ ತಡೆದು, ಉಲನ್ ನಿಮ್ಮದು, ಹೆಣಿಗೆಯ ಕೂಲಿಯನ್ನೂ ಮೊದಲೇ ಮಾತಾಡಿ ಎಂದೆ. ತೆಗೆದುಕೊಳ್ಳುವುದು ಅಂದರೆ ಬಿಟ್ಟಿ ಕೆಲಸ ಮಾಡಿಸಿಕೊಳ್ಳುವುದಲ್ಲ. ಪಾಪದವರ ಹತ್ತಿರ ಈ ಎರಡರ ನಡುವಿನ ಗೆರೆ ಬೇಗ ಅಳಿಸಿಹೋಗುತ್ತದೆ, ಎಚ್ಚರ ಬೇಕು. ಹಬ್ಬದ ತಿನಿಸು ತಂದರೆ ಮಾತ್ರ ದುಡ್ಡಿನ ಮಾತೇ ಬೇಡ. ತೆಗೆದುಕೊಳ್ಳಿ, ಅಲ್ಲೇ ಒಂದು ಮುರಿದು ಬಾಯಿಗೆ ಹಾಕಿಕೊಳ್ಳಿ, ಹೇಗೆ ಮಾಡಿದೆ ಎಂದು ಕೇಳಿ.

ಈಗ ಹೇಗಿದ್ದಾಳೆ? ನಿದ್ದೆ ಬರುತ್ತಿದೆ. ಪಟ್ಟಿಯ ಅಂಕ ಇಳಿದಿದೆ. ಕುಲಾಯಿಯ ಬಣ್ಣದ ಬಗ್ಗೆ ಕೂಸಿನ ಅಜ್ಜಿಯ ಜೊತೆ ಜಗಳ ಆಡುವಷ್ಟು ಸಲಿಗೆ ಬಂದಿದೆ, ಅದು ನನಗೆ ಬಹಳ ಖುಷಿ ಕೊಟ್ಟಿತು. ಮಗನಿಗೆ ಒತ್ತಕ್ಷರ ಇನ್ನೂ ತೊಡಕು, ಸಂಜೆ ಆ ಕಿಲ್ಲಾ ಓಣಿಯ ತಾಯಿ ಓದಿಸುತ್ತಾರೆ. ಎಲ್ಲ ಸರಿಹೋಗಿಲ್ಲ. ಎರಡು ಮನೆಯವರು ಇನ್ನೂ ಮಾತಾಡಿಸುವುದಿಲ್ಲ, ಅವರನ್ನು ಒತ್ತಾಯ ಮಾಡಬೇಡಿ ಎಂದಿದ್ದೇನೆ. ಬೇಸಿಗೆಯಲ್ಲಿ ಗಂಡ ಹಗಲು ಮಲಗಲು ಸಮುದಾಯ ಭವನದ ಒಂದು ಕೋಣೆ ಕೊಡುವ ಮಾತು ಬರೀ ಮಾತಾಗಿಯೇ ಉಳಿದಿದೆ. ಮಾರ್ಚ್ ಬರುವುದರೊಳಗೆ ಅದು ಆಗಬೇಕು, ಸಂಘದವರ ಬೆನ್ನು ಬಿಟ್ಟಿಲ್ಲ. ದೂರದಲ್ಲಿ ಇರುವವರಿಗೆ ಹಬ್ಬದ ದಿನಗಳೇ ಹೆಚ್ಚು ಭಾರ. ಹಾಗಾಗಿ ದಸರಾ ಮತ್ತು ತಿಹಾರ್ ನಡುವೆ ಒಮ್ಮೆ ಬಂದು ಹೋಗು ಎಂದು ಆಕೆಗೆ ಹೇಳಿದ್ದೇನೆ. ಕರೆತರಲು ಟೀಚರ್ ಒಪ್ಪಿದ್ದಾರೆ.