ಯುದ್ಧಕಾಲದಲ್ಲಿ ಕಾಣೆಯಾದ ಸಂಗೀತದ ಹಸ್ತಪ್ರತಿ: ಥ್ರಿಲ್ಲರ್ ಕಾದಂಬರಿಗೆ ಈ ಕಥೆ ನಂಬುವಂತಿದೆಯೇ?

ನಿಮ್ಮ ಪ್ಲಾಟ್ ನನಗೆ ಅರ್ಥವಾದ ಹಾಗೆ ಇದು: 1944ರ ಜರ್ಮನಿ, ಒಬ್ಬ ಸಂಗೀತಗಾರ ಸ್ವರಲಿಪಿಯೊಳಗೆ ಗುಪ್ತ ಸಂದೇಶ ಸೇರಿಸಿ ಹಸ್ತಪ್ರತಿಯನ್ನು ಬಚ್ಚಿಡುತ್ತಾನೆ, ಐವತ್ತು ವರ್ಷದ ನಂತರ ಅದು ಮೊಮ್ಮಗಳಿಗೆ ಸಿಕ್ಕಿ ನಿಧಿಯ ಜಾಗ ತೋರಿಸುತ್ತದೆ. ಓದುಗರು ನಂಬುತ್ತಾರಾ ಅಂತ ಕೇಳಿದ್ದೀರಿ. ಹಸ್ತಪ್ರತಿ ಕಾಣೆಯಾಗುವುದನ್ನು ಧಾರಾಳವಾಗಿ ನಂಬುತ್ತಾರೆ. ಗುಪ್ತ ಸಂದೇಶವನ್ನು ನಾನಂತೂ ನಂಬುವುದಿಲ್ಲ.

ಮೊದಲು ಅದನ್ನೇ ಮುಗಿಸಿಬಿಡೋಣ. ಜರ್ಮನ್ ಪದ್ಧತಿಯಲ್ಲಿ ಸ್ವರಗಳಿಗೆ ಎ ಇಂದ ಎಚ್‌ವರೆಗೆ ಅಕ್ಷರಗಳಿವೆ. ಹಾಗಾಗಿ ಜರ್ಮನ್ ಸಂಗೀತ ರಚನಕಾರ ಬಾಖ್ ತನ್ನ ಹೆಸರಿನ ಬಿ-ಎ-ಸಿ-ಎಚ್ ಅನ್ನೇ ನಾಲ್ಕು ಸ್ವರಗಳಾಗಿ ಸಂಗೀತದೊಳಗೆ ಕೂರಿಸಿದ. ರಷ್ಯಾದ ರಚನಕಾರ ಶೋಸ್ತಕೋವಿಚ್ ತನ್ನ ಹೆಸರಿನ ಜರ್ಮನ್ ಕಾಗುಣಿತದಿಂದ ಡಿ-ಎಸ್-ಸಿ-ಎಚ್ ಅಂತ ಸಹಿ ಹಾಕಿದ. ಇ-ಫ್ಲಾಟ್ ಸ್ವರವನ್ನು ಜರ್ಮನರು 'ಎಸ್' ಅನ್ನುವುದರಿಂದ ಅಷ್ಟು ಸಾಧ್ಯವಾಯಿತು. ಇಷ್ಟೇ ಅಕ್ಷರದಲ್ಲಿ ಸಹಿ ಹಾಕಬಹುದು, 'ಸೇತುವೆಯ ಮೂರನೇ ಕಂಬದ ಕೆಳಗೆ ಅಗೆಯಿರಿ' ಅಂತ ಬರೆಯಲು ಆಗುವುದಿಲ್ಲ. ಬೇರೇನೋ ಸಂಕೇತ ಹೊಸೆದು ಬರೆದರೂ, ನುಡಿಸಲು ಕೂತವನಿಗೆ ಒಂದೆರಡು ಸಾಲಿನಲ್ಲೇ ಏನೋ ಎಡವಟ್ಟಾಗಿದೆ ಅಂತ ಕೇಳಿಸುತ್ತದೆ. ಮೇಚಕಲ್ಯಾಣಿ ರಾಗ ಅಂದರೆ 65ನೇ ಮೇಳ ಅಂತ, ಅಕ್ಷರಗಳಿಗೆ ಅಂಕಿ ಕೊಡುವ ಕಟಪಯಾದಿ ಪದ್ಧತಿಯಲ್ಲಿ ಲೆಕ್ಕ ಹಾಕುವ ನಮಗೆ ಈ ಆಟ ರುಚಿಸುವುದು ಸಹಜ. ಆದರೆ ಅಲ್ಲೂ ಸಂಕೇತ ಇರುವುದು ರಾಗದ ಹೆಸರಿನಲ್ಲಿ, ಸ್ವರದಲ್ಲಲ್ಲ.

ನಿಜವಾಗಿ ಬೇಹುಗಾರಿಕೆ ಮಾಡಿದವರು ಇಷ್ಟು ತಲೆ ಕೆಡಿಸಿಕೊಳ್ಳಲಿಲ್ಲ. ಪ್ಯಾರಿಸ್‌ನ ಪ್ರಖ್ಯಾತ ಗಾಯಕಿ, ನರ್ತಕಿ ಜೋಸೆಫೀನ್ ಬೇಕರ್ ತನ್ನ ಸಂಗೀತದ ಹಾಳೆಗಳ ಮೇಲೆ ಕಾಣದ ಶಾಯಿಯಲ್ಲಿ ಬರೆದ ಮಾಹಿತಿಯನ್ನು ಗಡಿ ದಾಟಿಸಿ ಲಿಸ್ಬನ್‌ಗೆ ಒಯ್ದಳು. ಸ್ವರಗಳ ಗೊಡವೆಗೇ ಹೋಗಲಿಲ್ಲ, ಕಾಗದ ಸಾಕಾಯಿತು. ಅಂಥ ತಾರೆಯ ಪೆಟ್ಟಿಗೆಯನ್ನು ಯಾವ ಅಧಿಕಾರಿ ತಡಕುತ್ತಾನೆ? ಸಂಕೇತ ಬೇಕೇ ಬೇಕು ಅಂದರೆ ಈ ದಾರಿ ಹಿಡಿಯಿರಿ.

ಈಗ ಹಸ್ತಪ್ರತಿಯ ವಿಷಯ. ಇಲ್ಲಿ ನೀವು ಕಲ್ಪಿಸಿಕೊಂಡದ್ದಕ್ಕಿಂತ ನಿಜವೇ ದೊಡ್ಡದಿದೆ. ಬರ್ಲಿನ್ ಮೇಲೆ ಬ್ರಿಟಿಷ್ ಬಾಂಬ್‌ಗಳು ಬೀಳತೊಡಗಿದಾಗ ಅಲ್ಲಿನ ಪ್ರಷ್ಯನ್ ರಾಜ್ಯ ಗ್ರಂಥಾಲಯ 1941ರಿಂದ ತನ್ನ ಅಮೂಲ್ಯ ಸಂಗ್ರಹವನ್ನು ಪೆಟ್ಟಿಗೆಗಳಲ್ಲಿ ತುಂಬಿ ಊರಾಚೆಗೆ ಸಾಗಿಸಿತು. ಮೋಟ್ಸಾರ್ಟ್, ಬೀಥೋವನ್, ಬಾಖ್ ಸ್ವಹಸ್ತದಿಂದ ಬರೆದ ಹಾಳೆಗಳು ಆಗ ಜರ್ಮನಿಗೆ ಸೇರಿದ್ದ ಸೈಲೀಷಿಯಾ ಪ್ರಾಂತ್ಯದ ಫ್ಯೂರ್ಸ್ಟೆನ್‌ಸ್ಟೈನ್ ಕೋಟೆಗೆ ಹೋದವು. ಆ ಕೋಟೆಯನ್ನು ನಾಜಿಗಳು ತಮ್ಮ ಸುರಂಗ ಯೋಜನೆಗೆ ವಶಪಡಿಸಿಕೊಂಡಾಗ ಅಲ್ಲಿಂದ ಗ್ರ್ಯೂಸಾವ್ ಎಂಬ ಮಠಕ್ಕೆ. ಯುದ್ಧ ಮುಗಿಯಿತು, ಗಡಿ ಬದಲಾಯಿತು, ಸೈಲೀಷಿಯಾ ಪೋಲೆಂಡ್ ಪಾಲಾಯಿತು. ಪೋಲಿಷರು ಪೆಟ್ಟಿಗೆಗಳನ್ನು ಕ್ರಾಕೋವ್‌ನ ಯಾಗಿಯೆಲೋನಿಯನ್ ಗ್ರಂಥಾಲಯಕ್ಕೆ ಒಯ್ದು, ಮೂವತ್ತು ವರ್ಷ ಬಾಯಿ ಬಿಡಲಿಲ್ಲ.

ಆ ಮೌನವೇ ನಿಮ್ಮ ಕಾದಂಬರಿ. ಪೂರ್ವ ಜರ್ಮನಿ ಅದೇ ಸೋವಿಯತ್ ಬಣದ 'ಸೋದರ ರಾಷ್ಟ್ರ'. ಅದರ ಆಸ್ತಿ ನಮ್ಮಲ್ಲಿದೆ ಅಂತ ಬಹಿರಂಗವಾಗಿ ಹೇಳುವಂತಿಲ್ಲ. ಸುಮ್ಮನೆ ಕೊಟ್ಟುಬಿಡಲು ಮನಸ್ಸೂ ಇಲ್ಲ, ಏಕೆಂದರೆ 1944ರ ವಾರ್ಸಾ ದಂಗೆಯ ನಂತರ ಜರ್ಮನ್ ಸೈನಿಕರು ಅಲ್ಲಿನ ಕ್ರಾಸಿನ್ಸ್ಕಿ ಗ್ರಂಥಾಲಯಕ್ಕೆ ಬೇಕೆಂದೇ ಬೆಂಕಿ ಇಟ್ಟಿದ್ದರು. ಈ ಕಡೆ ಜರ್ಮನಿಯಲ್ಲಿ ವಿದ್ವಾಂಸರು ಮೋಟ್ಸಾರ್ಟನ ಸಮಗ್ರ ಕೃತಿಗಳ ಹೊಸ ಆವೃತ್ತಿ ತರುತ್ತಿದ್ದಾರೆ. 'ಫಿಗರೋ' ಆಪೆರಾದ ಮೊದಲೆರಡು ಅಂಕ ಬರ್ಲಿನ್‌ನಲ್ಲಿದೆ, ಉಳಿದೆರಡು ಎಲ್ಲೂ ಇಲ್ಲ! 1973ರಲ್ಲಿ ಆ ಸಂಪುಟ ಅಚ್ಚಾದದ್ದು ಕೊನೆಯ ಎರಡು ಅಂಕಗಳ ಮೂಲಪ್ರತಿ ನೋಡದೆಯೇ. ಅವು ಆಗಲೂ ಕ್ರಾಕೋವ್‌ನಲ್ಲಿದ್ದವು, ಈಗಲೂ ಅಲ್ಲೇ ಇವೆ. 1977ರಲ್ಲಿ ಪೋಲೆಂಡ್ ನಾಯಕ ಗಿಯೆರೆಕ್ ಪೂರ್ವ ಜರ್ಮನಿಯ ಹೊನೆಕರ್‌ಗೆ ಕೆಲವು ಹಸ್ತಪ್ರತಿಗಳನ್ನು ಉಡುಗೊರೆಯಾಗಿ ಕೊಟ್ಟ. ಅದರಲ್ಲಿ ಮೋಟ್ಸಾರ್ಟನ 'ಮ್ಯಾಜಿಕ್ ಫ್ಲೂಟ್' ಆಪೆರಾ ಇತ್ತು, ಬೀಥೋವನ್‌ನ ಒಂಬತ್ತನೇ ಸಿಂಫನಿಯ ಹಾಳೆಗಳಿದ್ದವು. ಆಗ ಗುಟ್ಟು ರಟ್ಟಾಯಿತು.

ಒಂದು ತಮಾಷೆ: ಅದೇ ಫ್ಯೂರ್ಸ್ಟೆನ್‌ಸ್ಟೈನ್ ಕೋಟೆಯಿರುವ ವಾಲ್ಬ್ರಜಿಕ್ ಊರಿನಲ್ಲಿ ನಾಜಿಗಳ ಚಿನ್ನದ ರೈಲು ಹೂತುಹೋಗಿದೆ ಅಂತ 2015ರಲ್ಲಿ ಜಗತ್ತೆಲ್ಲ ಸುದ್ದಿಯಾಯಿತು. ಮರುವರ್ಷ ಅಗೆದರು, ಏನೂ ಸಿಗಲಿಲ್ಲ. ನಿಜವಾದ ನಿಧಿ ಬೀಥೋವನ್‌ನ ಏಳನೇ ಸಿಂಫನಿಯ ರೂಪದಲ್ಲಿ ಆ ಊರಿಗೆ ಬಂದು, ಅಲ್ಲಿಂದ ಹೊರಟು ಎಪ್ಪತ್ತು ವರ್ಷವಾಗಿತ್ತು.

ಇನ್ನೊಂದು ಕಥೆ ಕೀವ್‌ನದ್ದು. 1829ರಲ್ಲಿ ಇಪ್ಪತ್ತು ವರ್ಷದ ಸಂಗೀತಗಾರ ಮೆಂಡೆಲ್‌ಸನ್ ಬಾಖ್‌ನ 'ಸೇಂಟ್ ಮ್ಯಾಥ್ಯೂ ಪ್ಯಾಶನ್' (ಯೇಸುವಿನ ಯಾತನೆ, ಮರಣದ ಕಥೆ ಹಾಡುವ ಕೃತಿ) ಅನ್ನು ಮತ್ತೆ ಬೆಳಕಿಗೆ ತಂದದ್ದು ಬರ್ಲಿನ್‌ನ ಸಿಂಗ್-ಅಕಾಡೆಮಿ ಎಂಬ ಗಾಯಕ ಸಂಘದೊಂದಿಗೆ. ಅದರ ಸಂಗ್ರಹವೂ ಸೈಲೀಷಿಯಾಕ್ಕೆ ಹೋಗಿತ್ತು. ಕೆಂಪು ಸೇನೆ ಅದನ್ನು ಕೀವ್‌ಗೆ ಸಾಗಿಸಿತು. ಎಲ್ಲರೂ ಸುಟ್ಟುಹೋಯಿತು ಅಂದುಕೊಂಡಿದ್ದರು. 1999ರಲ್ಲಿ ಬಾಖ್ ತಜ್ಞ ಕ್ರಿಸ್ಟೋಫ್ ವೋಲ್ಫ್, ಸೋವಿಯತ್ ದಾಖಲೆಗಳ ಜಾಡು ಬಲ್ಲ ಪೆಟ್ರೀಷಿಯಾ ಗ್ರಿಮ್‌ಸ್ಟೆಡ್ ಜೊತೆ ಕೀವ್‌ನ ಸರ್ಕಾರಿ ದಾಖಲೆಗಾರದಲ್ಲಿ ಅದನ್ನು ಪತ್ತೆ ಮಾಡಿದ. ಸುಮಾರು 5,000 ಪ್ರತಿಗಳು. ಬಾಖ್‌ನ ಮಗ ಕಾರ್ಲ್ ಫಿಲಿಪ್ ಇಮ್ಯಾನುಯೆಲ್ ಹ್ಯಾಂಬರ್ಗ್‌ನಲ್ಲಿ ರಚಿಸಿದ, ಶಾಶ್ವತವಾಗಿ ಹೋದವು ಅಂದುಕೊಂಡಿದ್ದ ಪ್ಯಾಶನ್‌ಗಳೂ ಅದರಲ್ಲಿದ್ದವು. 2001ರಲ್ಲಿ ಎಲ್ಲ ಬರ್ಲಿನ್‌ಗೆ ವಾಪಸ್. ಇಡೀ ಪತ್ತೇದಾರಿಯಲ್ಲಿ ಗುಂಡು ಹಾರಲಿಲ್ಲ. ಹಳೆಯ ಕಡತ, ಹಾಳೆಯ ಮೂಲೆಯ ಮುದ್ರೆ, 'ಅದು ಇಲ್ಲಿ ಇಲ್ಲ' ಅನ್ನುವ ಗುಮಾಸ್ತ, ಇಷ್ಟೇ ಸಾಮಗ್ರಿ.

ಖಳನಾಯಕನ ಬಗ್ಗೆಯೂ ಒಂದು ಮಾತು. ಬೂಟು ಕುಟ್ಟುವ ಎಸ್ಸೆಸ್ ಅಧಿಕಾರಿ ಬೇಡ. ನಾಜಿಗಳಲ್ಲಿ ಸಂಗೀತ ದೋಚಲೆಂದೇ 'ಸೋಂಡರ್‌ಸ್ಟಾಬ್ ಮ್ಯೂಸಿಕ್' ಎಂಬ ಪ್ರತ್ಯೇಕ ಪಡೆ ಇತ್ತು. 1940ರಲ್ಲಿ ಪ್ಯಾರಿಸ್ ಹತ್ತಿರದ ಸೇಂಟ್-ಲೂ-ಲಾ-ಫೊರೆಯಲ್ಲಿ ಹಾರ್ಪ್ಸಿಕಾರ್ಡ್ (ಪಿಯಾನೋಗಿಂತ ಹಳೆಯ ಕೀಲಿವಾದ್ಯ) ಕಲಾವಿದೆ ವಾಂಡಾ ಲ್ಯಾಂಡೋವ್‌ಸ್ಕಾಳ ಮನೆಯನ್ನು ಬರಿದು ಮಾಡಿದ್ದು ಅದೇ. ಶೋಪೇನ್ ನುಡಿಸಿದ್ದ ಪುಟ್ಟ ಪಿಯಾನೋ ಕೂಡ ಹೋಯಿತು. ಪಡೆಯ ಮುಖ್ಯಸ್ಥ ಹರ್ಬರ್ಟ್ ಗೆರಿಕ್ ಓದಿಕೊಂಡ ಸಂಗೀತಶಾಸ್ತ್ರಜ್ಞ. ಯಹೂದಿ ಸಂಗೀತಗಾರರನ್ನು ಹುಡುಕಿ ಹೊರಹಾಕಲು ಅನುಕೂಲವಾಗುವ ನಿಘಂಟನ್ನೇ ಸಂಪಾದಿಸಿದವನು. ಯುದ್ಧದ ನಂತರ ಜೈಲಿಗೆ ಹೋಗಿರಬೇಕು ಅಂದುಕೊಳ್ಳುತ್ತೀರಿ. ಡಾರ್ಟ್ಮಂಡ್‌ನಲ್ಲಿ ಪತ್ರಿಕೆಯ ಸಂಗೀತ ವಿಮರ್ಶಕನಾದ. ಅಂಥವನೊಬ್ಬ ನಿಮ್ಮ ನಾಯಕಿಯ ಸಂಗೀತ ಕಚೇರಿಗೆ ಮುಂದಿನ ಸಾಲಿನಲ್ಲಿ ಕೂತು, ಮಾರನೆಯ ದಿನ ಸೌಜನ್ಯದ ವಿಮರ್ಶೆ ಬರೆಯಲಿ. ಓದುವವರ ಮೈ ಉರಿಯುತ್ತದೆ.

ನಾನಾಗಿದ್ದರೆ ಕಥೆಯನ್ನು 1944ರಿಂದ ಎತ್ತಿ 1976ರ ಕ್ರಾಕೋವ್‌ನಲ್ಲಿ ಇಡುತ್ತಿದ್ದೆ. ಮೊಮ್ಮಗಳ ಬದಲು ಒಬ್ಬ ಗ್ರಂಥಪಾಲಕಿ: ಪೆಟ್ಟಿಗೆಯಲ್ಲಿ ಏನಿದೆ ಗೊತ್ತು, ಹೇಳಿದರೆ ಕೆಲಸ ಹೋಗುತ್ತದೆ, ಹೇಳದಿದ್ದರೆ ಎದುರಿಗೆ ಕೂತು ಕೇಳುತ್ತಿರುವ ವಯಸ್ಸಾದ ವಿದ್ವಾಂಸ ಅದನ್ನು ನೋಡದೆಯೇ ಸಾಯುತ್ತಾನೆ. ಮರುವರ್ಷದ ಉಡುಗೊರೆಯ ಸುಳಿವು ಇಬ್ಬರಿಗೂ ಇಲ್ಲ.

ಮತ್ತೆ, ದಯವಿಟ್ಟು ಸ್ಟ್ರಾಡಿವೇರಿಯಸ್ ಪಿಟೀಲು ತರಬೇಡಿ. ಈ ಜಾತಿಯ ಕಾದಂಬರಿಗಳಲ್ಲಿ ಅದು ಸಾಕಷ್ಟು ಸಲ ಕಳುವಾಗಿದೆ.