ಸ್ಥಾಪಕರನ್ನು ವಾಪಸ್ ಕರೆಯಬೇಕೇ? ನಿಮ್ಮ ಲೇಖನಕ್ಕೆ ನನ್ನ ಉತ್ತರ

ನಮಸ್ಕಾರ,

ನೀವು ಕಳಿಸಿದ ‘ಕಟ್ಟಿದವರೇ ನಡೆಸಲಿ’ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ನಿಮಗೆ ಬರವಣಿಗೆ ಒಲಿದಿದೆ, ಹಿಡಿದ ವಿಷಯವೂ ಗಟ್ಟಿಯಾಗಿದೆ. ಅದಕ್ಕೇ ಸುಮ್ನೆ ‘ಇಲ್ಲ’ ಅಂದು ಮುಗಿಸದೆ, ಎಲ್ಲಿ ಎಡವಿದ್ದೀರಿ ಅಂತ ಬಿಡಿಸಿ ಬರೆಯುತ್ತಿದ್ದೇನೆ.

ನಿಮ್ಮ ವಾದ ಇಷ್ಟು: ಕಂಪನಿ ಕಷ್ಟಕ್ಕೆ ಸಿಕ್ಕಾಗ ಸ್ಥಾಪಕರನ್ನೇ ವಾಪಸ್ ಕರೆಯಬೇಕು. ಹಂಗಾಮಿ ಗಿಂಗಾಮಿ ಏನೂ ಬೇಡ, ಮೊದಲ ದಿನದಿಂದಲೇ ಖಾಯಂ ಸಿಇಒ ಮಾಡಬೇಕು. ಅದಕ್ಕೆ ನೀವು ಕೊಡುವ ಕಾರಣ, “ಹೆತ್ತ ತಾಯಿಗಿಂತ ಮಗುವಿನ ನೋವು ಬೇರೆ ಯಾರಿಗೆ ಗೊತ್ತು?” ಈ ಸಾಲು ಲೇಖನದಲ್ಲಿ ಮತ್ತೆ ಮತ್ತೆ ಬರುತ್ತದೆ. ಕೇಳಲು ಹಿತವಾಗಿದೆ, ನಿಜ. ಆದರೆ ತಾಯಿಯನ್ನು ಯಾರೂ ನೇಮಿಸುವುದಿಲ್ಲ, ಕೆಲಸದಿಂದ ತೆಗೆಯುವುದೂ ಇಲ್ಲ. ಸಿಇಒ ಆದವರನ್ನು ನೇಮಿಸುವುದೂ ತೆಗೆಯುವುದೂ ಆಡಳಿತ ಮಂಡಳಿ. ಆ ಮಂಡಳಿಯ ಹೆಸರೇ ನಿಮ್ಮ ಲೇಖನದಲ್ಲಿ ಎಲ್ಲೂ ಬರುವುದಿಲ್ಲ. ನನ್ನ ದೊಡ್ಡ ತಕರಾರು ಇದೇ. ಸ್ಥಾಪಕರಿಗೆ ಕಂಪನಿಯ ಮೇಲೆ ಪ್ರೀತಿ ಇರುತ್ತದೆ, ಅದರ ಬಗ್ಗೆ ಯಾರಿಗೂ ಅನುಮಾನವಿಲ್ಲ. ಅವರು ದಾರಿ ತಪ್ಪಿದ ದಿನ ‘ಸಾಕು’ ಅನ್ನುವ ಧೈರ್ಯ ಇರುವವರು ಆ ಕೋಣೆಯಲ್ಲಿ ಇದ್ದಾರಾ? ಖಾಯಂ ಮಾಡುವ ಮುಂಚೆ ಕೇಳಬೇಕಾದ್ದು ಇದನ್ನು.

ಈಗ ಆ್ಯಪಲ್ ವಿಷಯಕ್ಕೆ ಬರೋಣ. ನಿಮ್ಮ ಇಡೀ ಲೇಖನ ಸ್ಟೀವ್ ಜಾಬ್ಸ್ ಒಬ್ಬರನ್ನೇ ನೆಚ್ಚಿಕೊಂಡಿದೆ. “1997ರಲ್ಲಿ ಜಾಬ್ಸ್ ಖಾಯಂ ಸಿಇಒ ಆಗಿ ಮರಳಿದರು” ಅಂತ ಬರೆದಿದ್ದೀರಿ. ಇದು ತಪ್ಪು. 1985ರಲ್ಲಿ ಹೊರಹೋದ ಜಾಬ್ಸ್, ಅವರ ನೆಕ್ಸ್ಟ್ ಕಂಪನಿಯನ್ನು ಆ್ಯಪಲ್ ಕೊಂಡಾಗ ಬರೀ ಸಲಹೆಗಾರರಾಗಿ ಒಳಗೆ ಬಂದರು. ಆ ಖರೀದಿಯ ಘೋಷಣೆ ಆಗಿದ್ದು 1996ರ ಡಿಸೆಂಬರ್‌ನಲ್ಲಿ. 1997ರ ಜುಲೈನಲ್ಲಿ ಆಗಿನ ಸಿಇಒ ಗಿಲ್ ಅಮೆಲಿಯೊ ಅವರನ್ನು ಮಂಡಳಿ ತೆಗೆಯಿತು. ಸೆಪ್ಟೆಂಬರ್‌ನಲ್ಲಿ ಜಾಬ್ಸ್ ಹಂಗಾಮಿ ಸಿಇಒ ಆದರು. ಆ ‘ಹಂಗಾಮಿ’ ಹೋಗಿದ್ದು 2000ದ ಜನವರಿಯಲ್ಲಿ, ಮ್ಯಾಕ್‌ವರ್ಲ್ಡ್ ಸಮ್ಮೇಳನದ ವೇದಿಕೆಯ ಮೇಲೆ, ಅವರದೇ ಭಾಷಣದ ಕೊನೆಗೆ. ನಡುವೆ ಎರಡು ವರ್ಷಕ್ಕಿಂತ ಜಾಸ್ತಿ ಸಮಯ ಇತ್ತು. 1997ರ ಹಣಕಾಸು ವರ್ಷದಲ್ಲಿ ಕಂಪನಿಗೆ 100 ಕೋಟಿ ಡಾಲರ್‌ಗೂ ಮೀರಿ ನಷ್ಟ. ಮರುವರ್ಷ 30.9 ಕೋಟಿ ಡಾಲರ್ ಲಾಭ. 1998ರಲ್ಲೇ ಐಮ್ಯಾಕ್ ಕಂಪ್ಯೂಟರ್ ಬಂತು. ಅಂದರೆ ಅವರು ಖಾಯಂ ಆಗುವ ಹೊತ್ತಿಗೆ ಫಲಿತಾಂಶ ಎಲ್ಲರ ಕಣ್ಣಮುಂದಿತ್ತು. ನೀವು ಆರಿಸಿದ ಉದಾಹರಣೆಯೇ ‘ಮೊದಲ ದಿನದಿಂದ ಖಾಯಂ’ ಅನ್ನುವ ನಿಮ್ಮ ವಾದಕ್ಕೆ ಅಡ್ಡ ಬರುತ್ತಿದೆ, ಅಲ್ವಾ?

“ಅದೇ ಕಿಚ್ಚಿನ ಯುವಕ ಮರಳಿ ಬಂದ” ಅನ್ನುವ ಸಾಲನ್ನೂ ತೆಗೆಯಿರಿ. ಬಂದವರು ಅದೇ ಯುವಕ ಆಗಿರಲಿಲ್ಲ. ನೆಕ್ಸ್ಟ್‌ನಲ್ಲಿ ಕಂಪ್ಯೂಟರ್ ಮಾಡಿ, ಅವು ಮಾರಾಟವಾಗದೆ, 1993ರಲ್ಲಿ ಯಂತ್ರ ತಯಾರಿಕೆಯನ್ನೇ ನಿಲ್ಲಿಸಿ ಬಂದಿದ್ದವರು ಅವರು. ವಾಪಸ್ ಬಂದ ಮೇಲೆ ಒಂದು ಮೀಟಿಂಗ್‌ನಲ್ಲಿ ಬೋರ್ಡ್ ಮೇಲೆ ಒಂದು ಅಡ್ಡ ಗೆರೆ, ಒಂದು ಉದ್ದ ಗೆರೆ ಎಳೆದರು. ನಾಲ್ಕು ಮನೆಗಳಾದವು. ಮೇಲೆ ಸಾಮಾನ್ಯ ಗ್ರಾಹಕ, ವೃತ್ತಿಪರ ಅಂತ ಬರೆದರು. ಪಕ್ಕದಲ್ಲಿ ಮೇಜಿನ ಮೇಲಿಡುವುದು, ಹೊತ್ತೊಯ್ಯುವುದು ಅಂತ ಬರೆದರು. ಈ ನಾಲ್ಕರಲ್ಲಿ ಒಂದೊಂದು ಮನೆಗೆ ಒಂದು ಕಂಪ್ಯೂಟರ್ ಸಾಕು, ಉಳಿದಿದ್ದೆಲ್ಲ ನಿಲ್ಲಿಸಿ ಅಂದರು. ಕಂಪನಿಯಲ್ಲಿ ಆಗ ಲೆಕ್ಕ ತಪ್ಪುವಷ್ಟು ಮಾಡೆಲ್‌ಗಳಿದ್ದವು. ಈ ಒಂದು ದೃಶ್ಯ ನಿಮ್ಮ ಲೇಖನದಲ್ಲಿದ್ದಿದ್ದರೆ ‘ದಾರ್ಶನಿಕ’, ‘ಅಸಾಮಾನ್ಯ’, ‘ಯುಗಪುರುಷ’ ಯಾವುದೂ ಬೇಕಾಗುತ್ತಿರಲಿಲ್ಲ. ಹೊಗಳುವ ಪದಗಳನ್ನೆಲ್ಲ ಒಮ್ಮೆ ಹೊಡೆದುಹಾಕಿ ಓದಿ ನೋಡಿ. ಉಳಿಯುವುದು ಎಷ್ಟು ಕಡಿಮೆ ಅಂತ ನಿಮಗೇ ಕಾಣುತ್ತದೆ.

ಇಲ್ಲಿ ನನ್ನ ಮಾತಿಗೇ ಎದುರು ನಿಲ್ಲುವ ಸಾಕ್ಷಿಯೂ ಒಂದಿದೆ. 1997ರ ಆಗಸ್ಟ್‌ನಲ್ಲಿ ಆ್ಯಪಲ್‌ನ ಹಳೇ ನಿರ್ದೇಶಕರಲ್ಲಿ ಬಹುತೇಕರು ಹೊರಹೋದರು. ಹೊಸದಾಗಿ ಬಂದವರಲ್ಲಿ ಜಾಬ್ಸ್ ಅವರ ಗೆಳೆಯ ಲ್ಯಾರಿ ಎಲಿಸನ್ ಇದ್ದರು. ‘ಸಾಕು’ ಅನ್ನುವವರು ಹೆಚ್ಚೇನೂ ಇಲ್ಲದಿದ್ದರೂ ಕಂಪನಿ ಎದ್ದು ನಿಂತಿತು. ಇದನ್ನು ನೀವು ಬಳಸಿಕೊಳ್ಳಬಹುದಿತ್ತು. ಬಳಸಿ. ಆದರೆ ಅದು ಎಷ್ಟು ದೊಡ್ಡ ಜೂಜಾಗಿತ್ತು ಅಂತಲೂ ಬರೆಯಿರಿ.

ಯಾಕೆಂದರೆ ಅದೇ ಜೂಜು ಇಂಟರ್ನೆಟ್ ಕಂಪನಿ ಯಾಹೂನಲ್ಲಿ ಕೈಕೊಟ್ಟಿತು. ನೀವು ಯಾಹೂ ಬಗ್ಗೆ ಒಂದಕ್ಷರವನ್ನೂ ಬರೆದಿಲ್ಲ. 2007ರ ಜೂನ್‌ನಲ್ಲಿ ಸಿಇಒ ಟೆರಿ ಸೆಮೆಲ್ ಜಾಗಕ್ಕೆ ಸಹಸ್ಥಾಪಕ ಜೆರ್ರಿ ಯಾಂಗ್ ಬಂದರು. 2008ರ ಫೆಬ್ರುವರಿಯಲ್ಲಿ ಮೈಕ್ರೋಸಾಫ್ಟ್ ಷೇರಿಗೆ 31 ಡಾಲರ್‌ನಂತೆ ಕಂಪನಿಯನ್ನೇ ಕೊಳ್ಳಲು ಮುಂದೆ ಬಂತು. ಒಟ್ಟು 4,460 ಕೋಟಿ ಡಾಲರ್. ಹಿಂದಿನ ದಿನದ ಬೆಲೆಗಿಂತ ಅದು ಶೇ. 62ರಷ್ಟು ಜಾಸ್ತಿ. ಯಾಹೂ ಒಪ್ಪಲಿಲ್ಲ. ಮೈಕ್ರೋಸಾಫ್ಟ್ 33ಕ್ಕೆ ಏರಿಸಿತು. ಯಾಹೂ 37 ಕೇಳಿತು. ಮೇ ತಿಂಗಳಲ್ಲಿ ಮಾತುಕತೆ ಮುರಿಯಿತು. ಆ ವರ್ಷ ಮುಗಿಯುವಾಗ ಷೇರು ಬೆಲೆ ಮೊದಲು ಹೇಳಿದ 31ರ ಅರ್ಧಕ್ಕಿಂತ ಕೆಳಗಿತ್ತು. 2009ರ ಜನವರಿಯಲ್ಲಿ ಯಾಂಗ್ ಕುರ್ಚಿ ಬಿಟ್ಟರು. ಕೊನೆಗೆ 2017ರಲ್ಲಿ ಯಾಹೂನ ಮುಖ್ಯ ವ್ಯವಹಾರ ಅಮೆರಿಕದ ಟೆಲಿಕಾಂ ಕಂಪನಿ ವೆರಿಝೋನ್‌ಗೆ ಹೋಗಿದ್ದು ಸುಮಾರು 448 ಕೋಟಿ ಡಾಲರ್‌ಗೆ.

ಯಾಂಗ್ ಅವರನ್ನು ಖಳನಾಯಕ ಮಾಡಿ ಅಂತ ನಾನು ಹೇಳುತ್ತಿಲ್ಲ, ಹಾಗೆ ಮಾಡಿದರೆ ಅನ್ಯಾಯ. 2005ರಲ್ಲಿ ಯಾಹೂ 100 ಕೋಟಿ ಡಾಲರ್ ಹಾಕಿ ಚೀನಾದ ಆನ್‌ಲೈನ್ ವ್ಯಾಪಾರ ಕಂಪನಿ ಅಲಿಬಾಬಾದ ಸುಮಾರು ಶೇ. 40ರಷ್ಟು ಪಾಲು ಪಡೆಯಿತಲ್ಲ, ಅದರ ಹಿಂದೆ ಇದ್ದವರು ಇದೇ ಯಾಂಗ್. ಆ ಪಾಲೇ ಮುಂದೆ ಯಾಹೂನ ಅತಿ ದೊಡ್ಡ ಆಸ್ತಿಯಾಯಿತು. ಗಮನಿಸಿ, ಆಗ ಅವರು ಸಿಇಒ ಆಗಿರಲಿಲ್ಲ. ಸ್ಥಾಪಕರ ಕಣ್ಣು, ಗೆಳೆತನ, ನಂಬಿಕೆ ಎಲ್ಲವೂ ಕುರ್ಚಿಯ ಹೊರಗಿದ್ದಾಗಲೇ ಕಂಪನಿಗೆ ಹೆಚ್ಚು ಕೆಲಸಕ್ಕೆ ಬಂದವು. ಇನ್ಫೋಸಿಸ್‌ನಲ್ಲೂ ಹೀಗೊಂದು ದಾರಿ ಇತ್ತು. 2017ರ ಆಗಸ್ಟ್‌ನಲ್ಲಿ ಸಿಇಒ ವಿಶಾಲ್ ಸಿಕ್ಕಾ ರಾಜೀನಾಮೆ ಕೊಟ್ಟಾಗ ಸಹಸ್ಥಾಪಕ ನಂದನ್ ನಿಲೇಕಣಿ ವಾಪಸ್ ಬಂದರು. ಬಂದಿದ್ದು ಸಿಇಒ ಆಗಿ ಅಲ್ಲ, ಕಾರ್ಯನಿರ್ವಾಹಕರಲ್ಲದ ಅಧ್ಯಕ್ಷರಾಗಿ. 2018ರ ಜನವರಿಯಲ್ಲಿ ಸಲೀಲ್ ಪಾರೇಖ್ ಸಿಇಒ ಆದರು. ವಾಪಸ್ ಬರುವುದು ಬೇರೆ, ಸಿಇಒ ಆಗುವುದು ಬೇರೆ. ನೀವು ಎರಡನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಿದ್ದೀರಿ.

ಹಂಗಾಮಿ ಬೇಡ ಅನ್ನುವ ನಿಮ್ಮ ಮಾತನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಅದಕ್ಕೆ ಒಳ್ಳೇ ಆಧಾರ ಟ್ವಿಟರ್‌ನಲ್ಲಿದೆ. 2015ರ ಜುಲೈನಲ್ಲಿ ಸಿಇಒ ಡಿಕ್ ಕಾಸ್ಟೊಲೊ ಇಳಿದಾಗ ಸಹಸ್ಥಾಪಕ ಜ್ಯಾಕ್ ಡಾರ್ಸಿ ಹಂಗಾಮಿಯಾಗಿ ಬಂದರು. ಪೂರ್ಣಾವಧಿ ಕೆಲಸ ಮಾಡಬಲ್ಲವರನ್ನೇ ಪರಿಗಣಿಸುತ್ತೇವೆ ಅಂತ ಮಂಡಳಿ ಹೇಳಿತ್ತು. ಅಕ್ಟೋಬರ್‌ನಲ್ಲಿ ಡಾರ್ಸಿಯನ್ನೇ ಖಾಯಂ ಮಾಡಿತು, ಅವರು ಸ್ಕ್ವೇರ್ ಅನ್ನುವ ಇನ್ನೊಂದು ಕಂಪನಿಯ ಸಿಇಒ ಆಗಿ ಮುಂದುವರಿದಿದ್ದರೂ! ಹೊರಗಿನ ಒಬ್ಬ ಸಮರ್ಥ ಅಭ್ಯರ್ಥಿಯ ಜಾಗದಲ್ಲಿ ನಿಂತು ಯೋಚಿಸಿ. ಕುರ್ಚಿಯಲ್ಲಿ ಆಗಲೇ ಸ್ಥಾಪಕರು ಕೂತಿದ್ದಾರೆ, ಉದ್ಯೋಗಿಗಳು ಅವರ ಕಡೆ ನೋಡುತ್ತಿದ್ದಾರೆ, ಮಂಡಳಿಯಲ್ಲೂ ಅವರಿದ್ದಾರೆ. ಅಂಥ ಕಡೆ ಸಂದರ್ಶನಕ್ಕೆ ಯಾರು ಮನಸ್ಸು ಮಾಡುತ್ತಾರೆ? ಹುಡುಕಾಟ ನಡೆಯುವಾಗ ಸ್ಥಾಪಕರನ್ನು ಹಂಗಾಮಿ ಮಾಡಿದರೆ ಆ ಹುಡುಕಾಟವೇ ಅರ್ಧ ಸತ್ತ ಹಾಗೆ. ಈ ವಾದವನ್ನು ಬೆಳೆಸಿದ್ದರೆ ನಿಮ್ಮ ಲೇಖನ ಎದ್ದು ನಿಲ್ಲುತ್ತಿತ್ತು.

ಸಣ್ಣದೊಂದು ತಿದ್ದುಪಡಿ. ಹೊವಾರ್ಡ್ ಶುಲ್ಟ್ಸ್ ಕಾಫಿ ಕಂಪನಿ ಸ್ಟಾರ್‌ಬಕ್ಸ್‌ನ ಸ್ಥಾಪಕರಲ್ಲ. 1971ರಲ್ಲಿ ಅದನ್ನು ಶುರು ಮಾಡಿದ್ದು ಬೇರೆ ಮೂವರು, ಇವರು ಕೊಂಡಿದ್ದು 1987ರಲ್ಲಿ. ಆದರೂ ಅವರನ್ನು ಲೇಖನದಲ್ಲಿ ಇಟ್ಟುಕೊಳ್ಳಿ. ಅವರು ಮೂರು ಸಲ ಸಿಇಒ ಆದವರು. 2023ರಲ್ಲಿ ಅವರ ಜಾಗಕ್ಕೆ ಬಂದ ಲಕ್ಷ್ಮಣ್ ನರಸಿಂಹನ್ ಮರುವರ್ಷದ ಆಗಸ್ಟ್‌ನಲ್ಲೇ ಹೋಗಬೇಕಾಯಿತು. ಅದಕ್ಕೆ ಕೆಲವು ತಿಂಗಳ ಮುಂಚೆ ಶುಲ್ಟ್ಸ್ ಕಂಪನಿಯ ಸಮಸ್ಯೆಗಳ ಬಗ್ಗೆ ಬಹಿರಂಗವಾಗಿಯೇ ಬರೆದಿದ್ದರು. ಬಾಗಿಲ ಹೊರಗೆ ಹಳೇ ಯಜಮಾನರು ನಿಂತಿರುವಾಗ ಹೊಸಬರು ಕೆಲಸ ಮಾಡುವುದು ಎಷ್ಟು ಕಷ್ಟ! ನಿಮ್ಮ ಲೇಖನದಲ್ಲಿ ನಡುವೆ ಬಂದ ಸಿಇಒಗಳೆಲ್ಲ ಬರೀ ಲೆಕ್ಕಪತ್ರದ ಹುಳುಗಳು. ಅವರ ಕಡೆಯ ಮಾತು ಒಂದು ಪ್ಯಾರಾ ಆದರೂ ಬೇಕು.

ಲೇಖನದಲ್ಲಿ ನನಗೆ ತುಂಬ ಇಷ್ಟವಾದ ಜಾಗವನ್ನೂ ಹೇಳಬೇಕು. ಸ್ಥಾಪಕರು ಬರುತ್ತಿದ್ದಾರೆ ಅನ್ನುವ ಇಮೇಲ್ ಬಂದ ಬೆಳಿಗ್ಗೆ, ಹಳೇ ಉದ್ಯೋಗಿ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾನೆ. ಹಿಂದಿನ ಸಿಇಒ ನೇಮಿಸಿದ ಮ್ಯಾನೇಜರ್ ಪಕ್ಕದಲ್ಲೇ ಕೂತು ಅದೇ ಇಮೇಲನ್ನು ಮತ್ತೆ ಓದುತ್ತಾಳೆ. ಐದೇ ಸಾಲು. ಅಷ್ಟರಲ್ಲಿ ಎರಡೂ ಕಡೆಯ ಮನಸ್ಸು ಬಂದಿದೆ, ಯಾರನ್ನೂ ಹೊಗಳಿಲ್ಲ, ಯಾರನ್ನೂ ತೆಗಳಿಲ್ಲ. ಹೀಗೆ ಬರೆಯಲು ನಿಮಗೆ ಬರುತ್ತದೆ ಅಂತ ಗೊತ್ತಾದ ಮೇಲೇ ಇಷ್ಟು ಉದ್ದದ ಪತ್ರ ಬರೆಯಲು ಕೂತಿದ್ದು.

ಇನ್ನೊಮ್ಮೆ ಬರೆಯಿರಿ. ಆ ಐದು ಸಾಲಿನಿಂದಲೇ ಶುರು ಮಾಡಿ. ತಾಯಿ-ಮಗುವನ್ನು ಕೈಬಿಡಿ, ಆಡಳಿತ ಮಂಡಳಿಯನ್ನು ಒಳಗೆ ತನ್ನಿ. ಯಾಹೂ ಭಾಗ ಬರೆದು ಮುಗಿಸಿದ ಮೇಲೂ ‘ಮೊದಲ ದಿನದಿಂದ ಖಾಯಂ’ ಅಂತಲೇ ನಿಮಗನಿಸಿದರೆ ಹಾಗೇ ಬರೆಯಿರಿ. ನಾನು ಒಪ್ಪದಿದ್ದರೂ ಹಾಕುತ್ತೇನೆ. ಪೂರ್ತಿ ಲೇಖನಕ್ಕೆ ಕಾಯಬೇಡಿ, ಯಾಹೂ ಭಾಗ ಮುಗಿದ ಕೂಡಲೇ ಅದೊಂದನ್ನೇ ಕಳಿಸಿ.