ಎಂಎಸ್ಸಿ ಆದಮೇಲೆ ಐಐಟಿಯಲ್ಲಿ ಫಿಸಿಕ್ಸ್ ಪಿಎಚ್‌ಡಿ ಮಾಡಬಹುದಾ?

ಐಐಟಿ ಅಂದ್ರೆ ಇಂಜಿನಿಯರಿಂಗ್‌ನವರ ಜಾಗ, ಅಲ್ಲಿ ಫಿಸಿಕ್ಸ್‌ಗೆ ಬೆಲೆ ಇರುತ್ತಾ ಅಂತ ಕೇಳಿದ್ದೀರಿ. ಧಾರಾಳವಾಗಿ ಹೋಗಿ. ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ನಮ್ಮ ಕಡೆಯ ಯೂನಿವರ್ಸಿಟಿಯಲ್ಲೇ ಎಂಎಸ್ಸಿ ಮಾಡಿ, ಆಮೇಲೆ ಒಂದು ಐಐಟಿಯಲ್ಲಿ ಪಿಎಚ್‌ಡಿ ಮುಗಿಸಿದೆ.

ನೆಟ್ ಅಥವಾ ಗೇಟ್ ಪರೀಕ್ಷೆ ಪಾಸಾಗಿದ್ದರೆ ಇಂಟರ್‌ವ್ಯೂಗೆ ಕರೆಯುತ್ತಾರೆ. ಅಲ್ಲಿ ನೋಡುವುದು ಬುಡ ಗಟ್ಟಿ ಇದೆಯಾ ಅಂತ. ಹಾರ್ಮೋನಿಕ್ ಆಸಿಲೇಟರ್‌ನ, ಅಂದ್ರೆ ಸ್ಪ್ರಿಂಗ್‌ಗೆ ಕಟ್ಟಿದಂತೆ ಹಿಂದೆ ಮುಂದೆ ಆಡುವ ಕಣದ, ನಟ್ಟನಡುವೆ ದಾಟಲಾಗದ ಒಂದು ಗೋಡೆ ನಿಲ್ಲಿಸಿದರೆ ಯಾವ ಎನರ್ಜಿ ಲೆವೆಲ್‌ಗಳು ಉಳಿಯುತ್ತವೆ ಅಂತ ನನ್ನನ್ನು ಕೇಳಿದರು. ಸೊನ್ನೆಯಿಂದ ಎಣಿಸಿದರೆ ಬೆಸ ಸಂಖ್ಯೆಯವು ಮಾತ್ರ, ಯಾಕೆಂದರೆ ಕಣ ಎಲ್ಲಿ ಸಿಗಬಹುದು ಅಂತ ಹೇಳುವ ವೇವ್‌ಫಂಕ್ಷನ್ ಗೋಡೆ ಇರುವಲ್ಲಿ ಸೊನ್ನೆ ಆಗಲೇಬೇಕು. ಅರ್ಧ ಗಂಟೆ ಬೋರ್ಡಿನ ಮುಂದೆ ಇದೇ ನಡೆಯಿತು.

ದುಡ್ಡಿನ ಚಿಂತೆ ಬೇಡ. ನೆಟ್‌ನಿಂದ ಸಿಗುವ ಸಂಶೋಧನಾ ಫೆಲೋಶಿಪ್ ಜೆಆರ್‌ಎಫ್ 2023ರಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷ ಆದಮೇಲೆ 42,000.

ನನ್ನದು ಸೂಪರ್‌ಕಂಡಕ್ಟರ್, ಅಂದ್ರೆ ತುಂಬಾ ತಂಪಾದಾಗ ತಡೆಯೇ ಇಲ್ಲದೆ ಕರೆಂಟ್ ಹರಿಸುವ ವಸ್ತು, ಅದರ ತೆಳು ಫಿಲ್ಮ್‌ಗಳ ಕೆಲಸ. ಉಗುರಿನಷ್ಟು ಸ್ಯಾಂಪಲ್ಲಿಗೆ ಮೈಕ್ರೋಸ್ಕೋಪಿನಡಿ ಸಿಲ್ವರ್ ಪೇಸ್ಟ್ ಹಚ್ಚಿ, ಕೂದಲಿಗಿಂತ ತೆಳ್ಳಗಿನ ನಾಲ್ಕು ಚಿನ್ನದ ತಂತಿ ಅಂಟಿಸಬೇಕು. ಎರಡರಲ್ಲಿ ಕರೆಂಟ್ ಹರಿಸಿ, ಇನ್ನೆರಡರಲ್ಲಿ ವೋಲ್ಟೇಜ್ ಅಳೆಯುವುದು. ಇದನ್ನು 4.2 ಕೆಲ್ವಿನ್‌ವರೆಗೆ ತಂಪು ಮಾಡಲು ದ್ರವ ಹೀಲಿಯಂ ಬೇಕು. ಮೂರನೇ ವರ್ಷ ಹೀಲಿಯಂ ಅನ್ನು ದ್ರವ ಮಾಡುವ ಯಂತ್ರವೇ ಕೆಟ್ಟಿತು. ಬಿಡಿಭಾಗ ಹೊರದೇಶದಿಂದ ಬರುವಷ್ಟರಲ್ಲಿ ಎಂಟು ತಿಂಗಳು! ರಾತ್ರಿ ಹಾಸ್ಟೆಲ್‌ನಲ್ಲಿ ನಿದ್ದೆ ಬರುತ್ತಿರಲಿಲ್ಲ. ನಮ್ಮ ಗೈಡ್ ಮಾತ್ರ ಕೈಬಿಡಲಿಲ್ಲ. "ದ್ರವ ನೈಟ್ರೋಜನ್ ಇದೆಯಲ್ಲ, 77 ಕೆಲ್ವಿನ್‌ವರೆಗೆ ಸಿಗೋದನ್ನೇ ಸರಿಯಾಗಿ ಅಳೆಯೋಣ" ಅಂದರು. ಥೀಸಿಸ್‌ನ ಮೂರನೇ ಅಧ್ಯಾಯ ಹುಟ್ಟಿದ್ದು ಹಾಗೆ.

ಇಂಜಿನಿಯರಿಂಗ್ ಜಾಗ ಅನ್ನುವುದು ಇಂಥ ಕಡೆ ವರ. ಬೇಕಾದ ತಾಮ್ರದ ಹೋಲ್ಡರ್ ಅನ್ನು ವರ್ಕ್‌ಶಾಪಿನಲ್ಲಿ ಲೇತ್ ನಡೆಸುವ ಹಿರಿಯರೊಬ್ಬರು ಎರಡೇ ದಿನದಲ್ಲಿ ಮಾಡಿಕೊಟ್ಟರು. ಒಮ್ಮೆ ರೀಡಿಂಗ್ ತುಂಬಾ ಕರೆಂಟ್ ಲೈನಿನ 50 ಹರ್ಟ್ಜ್ ಗದ್ದಲ. ಎಲೆಕ್ಟ್ರಿಕಲ್ ವಿಭಾಗದ ಗೆಳೆಯ ಸಂಜೆ ಬಂದು ನೋಡಿ, "ಎರಡು ಕಡೆ ಅರ್ಥಿಂಗ್ ಆಗಿದೆ, ಒಂದು ಬಿಚ್ಚು" ಅಂದ. ಎರಡು ವಾರದ ತಲೆನೋವು ಹತ್ತು ನಿಮಿಷದಲ್ಲಿ ಹೋಯಿತು.

ಹಾಗಾಗಿ ಪ್ರಯೋಗದ ಕಡೆ ಹೋಗುವುದಾದರೆ ಸುಮ್ನೆ ಐಐಟಿಯ ಹೆಸರು ನೋಡಿ ಸೇರಬೇಡಿ. ಲ್ಯಾಬ್‌ಗೆ ಹೋಗಿ ನೋಡಿ. ನಾಲ್ಕನೇ ವರ್ಷದವರ ಜೊತೆ ಒಂದು ಟೀ ಕುಡಿಯಿರಿ. ಯಂತ್ರ ಈಗ ಓಡ್ತಾ ಇದೆಯಾ, ತಿಂಗಳಿಗೆ ಎಷ್ಟು ದಿನ ನಿಮ್ಮ ಪಾಳಿ, ಕೆಟ್ಟರೆ ಯಾರು ಸರಿ ಮಾಡ್ತಾರೆ, ಹಿಂದಿನ ಮೂವರಿಗೆ ಪಿಎಚ್‌ಡಿ ಮುಗಿಯಲು ಎಷ್ಟು ವರ್ಷ ಹಿಡಿಯಿತು ಅಂತ ಕೇಳಿ. ಗೈಡ್‌ನ ಪೇಪರ್‌ಗಳು ಇಂಟರ್‌ನೆಟ್‌ನಲ್ಲಿ ಸಿಗುತ್ತವೆ, ಇದು ಸಿಗಲ್ಲ. 2016ರಲ್ಲಿ ಶುರುವಾದ ನಮ್ಮ ಧಾರವಾಡದ ಐಐಟಿಗೆ ಹೋದರೂ ಇದನ್ನೇ ಕೇಳಿ.

ಇಂಟರ್‌ವ್ಯೂಗೆ ಹೋಗುವಾಗ ವಾಪಸ್ ಟ್ರೈನ್ ಟಿಕೆಟ್ ಅದೇ ದಿನಕ್ಕೆ ಬೇಡ, ಮರುದಿನ ರಾತ್ರಿಗೆ ಮಾಡಿಸಿ.